ಐದು ಗಿಡ ಸೇರಿದರೆ ಐದು ಪಟ್ಟು ಗುಣವೇ?

ಈ ಸಲ ಅಂಕಣಕ್ಕೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯವನ್ನು ಕುರಿತವು: ಸಕ್ಕರೆ ಕಾಯಿಲೆಗೆ ಹಲವು ಔಷಧಿ ಗಿಡಗಳನ್ನು ಕೂಡಿಸಿ ಸೇವಿಸುವುದು. ಹಾಸನದಲ್ಲಿ ಆಯುರ್ವೇದ ವೈದ್ಯನಾಗಿ ರೋಗಿಗಳನ್ನು ನೋಡುವ ನನಗೆ ಈ ಪ್ರಶ್ನೆ ಹೊಸದಲ್ಲ. ವಾರಕ್ಕೆ ನಾಲ್ಕಾರು ಜನರಾದರೂ ಪುಡಿಯ ಡಬ್ಬಿಯನ್ನೋ ಕಷಾಯದ ಬಾಟಲಿಯನ್ನೋ ಮೇಜಿನ ಮೇಲಿಟ್ಟು ಇದನ್ನೇ ಕೇಳುತ್ತಾರೆ. ಮೊದಲ ಪತ್ರದಲ್ಲಿ ಎಲ್ಲರ ಸಂದೇಹವೂ ಅಡಗಿರುವುದರಿಂದ ಅದಕ್ಕೆ ದೀರ್ಘವಾಗಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಯಜಮಾನರಿಗೆ 58 ವರ್ಷ. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದು ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಎರಡು ತಿಂಗಳಿಂದ ನೆಂಟರೊಬ್ಬರು ಹೇಳಿದಂತೆ ಮಧುನಾಶಿನಿ ಎಲೆ, ನೇರಳೆ ಬೀಜ, ಮೆಂತ್ಯ, ಒಣಗಿಸಿದ ಹಾಗಲಕಾಯಿ, ಅಮೃತಬಳ್ಳಿ ಇವೈದನ್ನೂ ಸಮವಾಗಿ ಸೇರಿಸಿ ಪುಡಿ ಮಾಡಿ ಎರಡು ಹೊತ್ತೂ ಒಂದೊಂದು ಚಮಚ ಕೊಡುತ್ತಿದ್ದೇನೆ. ಇವೇ ಗಿಡಗಳ ಸತ್ವವಿರುವ ಕ್ಯಾಪ್ಸೂಲನ್ನೂ ಕಳೆದ ತಿಂಗಳಿಂದ ಶುರು ಮಾಡಿದ್ದೇವೆ. ಖಾಲಿ ಹೊಟ್ಟೆಯ ಸಕ್ಕರೆ 168 ಇದ್ದದ್ದು 118ಕ್ಕೆ ಇಳಿದಿದೆ. ಮಧ್ಯಾಹ್ನ ತೋಟದಲ್ಲಿರುವಾಗ ಎರಡು ಸಲ ಕೈ ನಡುಗಿ ಬೆವರು ಬಂತು ಎಂದರು. ಇನ್ನೂ ಒಂದೆರಡು ಗಿಡ ಸೇರಿಸಿ ಮಾತ್ರೆಯನ್ನು ಪೂರ್ತಿ ಬಿಡಬಹುದೇ?
– ಓದುಗರೊಬ್ಬರು, ಸಕಲೇಶಪುರ ತಾಲ್ಲೂಕು

ಉತ್ತರ: ಅಮ್ಮಾ, ನೀವು 118ರ ಅಂಕಿಯನ್ನು ಸಂತೋಷದಿಂದ ಬರೆದಿದ್ದೀರಿ. ನನ್ನ ಕಣ್ಣು ಮಾತ್ರ ಅದರ ಮುಂದಿನ ಸಾಲಿನ ಮೇಲೆ ನಿಂತಿತು. ತೋಟದಲ್ಲಿ ಕೈ ನಡುಗಿ ಬೆವರಿದ್ದು ಬಿಸಿಲಿನ ಆಯಾಸವೆಂದು ನೀವು ತಿಳಿದಿರಬಹುದು. ಆದರೆ ಗ್ಲಿಮೆಪಿರೈಡ್ ನುಂಗುವವರಲ್ಲಿ ಈ ಲಕ್ಷಣಗಳು ಕಂಡರೆ, ಬೇರೆ ಕಾರಣ ಸಿದ್ಧವಾಗುವವರೆಗೂ, ಅದನ್ನು ರಕ್ತದ ಸಕ್ಕರೆ ಕುಸಿದದ್ದೆಂದೇ ಭಾವಿಸಬೇಕು. ಈ ಮಾತ್ರೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಬರುವಂತೆ ಒತ್ತಾಯಿಸುತ್ತದೆ. ನೀವು ಊಟ ಮಾಡಿದ್ದೀರೋ ಇಲ್ಲವೋ ಎಂಬುದು ಅದಕ್ಕೆ ಲೆಕ್ಕವಿಲ್ಲ. ಮಧುನಾಶಿನಿಯೂ ಇನ್ಸುಲಿನ್ ಸ್ರಾವವನ್ನು ಹೆಚ್ಚಿಸುವ ಗುಣವುಳ್ಳದ್ದೆಂದು ಪ್ರಯೋಗಗಳಲ್ಲಿ ಕಂಡಿದೆ. ಒಂದೇ ಕೆಲಸಕ್ಕೆ ಇಬ್ಬರು ಕೈ ಹಾಕಿದಂತಾಗಿ, ಅದರ ಜೊತೆಗೆ ತೋಟದ ದುಡಿಮೆಯೂ ತಡವಾದ ಊಟವೂ ಸೇರಿದಾಗ, ಸಕ್ಕರೆ 70ಕ್ಕಿಂತ ಕೆಳಗಿಳಿಯುವುದು ಆಶ್ಚರ್ಯವಲ್ಲ. ನನ್ನಲ್ಲಿಗೆ ಬರುವ ಬೆಳೆಗಾರರೊಬ್ಬರಿಗೆ ಕಾಫಿ ಹಣ್ಣು ಕೊಯ್ಯುವ ದಿನಗಳಲ್ಲಿ ಹೀಗೆಯೇ ಆಯಿತು. ಬೆಳಗಿನ ಮಾತ್ರೆ, ಅದರ ಮೇಲೆ ಎಂಟು ಎಲೆಗಳ ಕಷಾಯ, ಕೊಯ್ಲಿನ ಗಡಿಬಿಡಿಯಲ್ಲಿ ಮೂರು ಗಂಟೆಯಾದರೂ ಇಲ್ಲದ ಊಟ. ಕಣದಲ್ಲಿ ಕುಸಿದು ಕುಳಿತಾಗ ಮಗ ಮೀಟರಿನಲ್ಲಿ ನೋಡಿದರೆ 52 ಇತ್ತು.

ಆದ್ದರಿಂದ ಇವತ್ತಿನಿಂದಲೇ ಪುಡಿ ಮತ್ತು ಕ್ಯಾಪ್ಸೂಲ್ ಎರಡನ್ನೂ ನಿಲ್ಲಿಸಿ, ಮಾತ್ರೆಗಳನ್ನು ಮೊದಲಿನಂತೆ ಮುಂದುವರಿಸಿ, ಈ ವಾರದೊಳಗೆ ಮಾತ್ರೆ ಬರೆದುಕೊಟ್ಟ ವೈದ್ಯರ ಬಳಿ ಹೋಗಿ ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿ. ಯಜಮಾನರು ತೋಟಕ್ಕೆ ಹೊರಡುವಾಗ ಜೇಬಿನಲ್ಲಿ ಗ್ಲೂಕೋಸ್ ಪುಡಿಯಿರಲಿ. ನಡುಕ ಬಂದರೆ ಮೂರು ಚಮಚದಷ್ಟನ್ನು ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷ ಬಿಟ್ಟು ಸಕ್ಕರೆ ಪರೀಕ್ಷಿಸಿ, ಇನ್ನೂ ಕಡಿಮೆಯಿದ್ದರೆ ಮತ್ತೊಮ್ಮೆ ಕುಡಿಯಬೇಕು; ಸರಿಯಾದ ಮೇಲೆ ಊಟ ಮಾಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಆಸ್ಪತ್ರೆಗೇ ಒಯ್ಯಬೇಕು.

ಇನ್ನು ನಿಮ್ಮ ಮೂಲ ಪ್ರಶ್ನೆ. ಗಿಡಗಳನ್ನು ಕೂಡಿಸುವ ಆಲೋಚನೆಯೇ ತಪ್ಪೆಂದು ನಾನು ಹೇಳುವುದಿಲ್ಲ, ಏಕೆಂದರೆ ನಾನು ಓದಿದ ಶಾಸ್ತ್ರದಲ್ಲಿ ಒಂಟಿ ಮೂಲಿಕೆಗಿಂತ ಯೋಗಗಳೇ, ಅಂದರೆ ಹಲವು ಮೂಲಿಕೆ ಕೂಡಿಸಿದ ಔಷಧಗಳೇ, ಹೆಚ್ಚು. ಸಕ್ಕರೆ ಕಾಯಿಲೆಯೂ ಸೇರುವ ಪ್ರಮೇಹವೆಂಬ ರೋಗಗಳ ಗುಂಪಿಗೆ ನೆಲ್ಲಿ ಮತ್ತು ಅರಿಶಿನ ಶ್ರೇಷ್ಠವೆಂದು ವಾಗ್ಭಟನ ಅಷ್ಟಾಂಗಹೃದಯ ಹೇಳುತ್ತದೆ. ನಿಶಾಮಲಕಿ ಎಂಬ ಹೆಸರಿನಲ್ಲಿ ಆ ಜೋಡಿಯನ್ನು ಇಂದಿಗೂ ಬಳಸುತ್ತೇವೆ. ಕೂಡಿಸುವುದರ ಹಿಂದಿನ ತರ್ಕವೂ ಗಟ್ಟಿಯಾದದ್ದೇ. ಸಕ್ಕರೆ ಏರುವುದಕ್ಕೆ ಒಂದೇ ದಾರಿಯಿಲ್ಲ: ಕರುಳು ಬೇಗ ಹೀರಿಕೊಳ್ಳುತ್ತದೆ, ಯಕೃತ್ತು ತಾನಾಗಿಯೇ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ, ಗ್ರಂಥಿಯಿಂದ ಇನ್ಸುಲಿನ್ ಸಾಲದಾಗುತ್ತದೆ, ಇದ್ದ ಇನ್ಸುಲಿನ್ನಿನ ಮಾತನ್ನು ಸ್ನಾಯುಗಳು ಕೇಳುವುದಿಲ್ಲ. ಒಂದೊಂದು ಗಿಡ ಒಂದೊಂದು ದಾರಿಯನ್ನು ತಡೆದರೆ ಒಟ್ಟು ಫಲ ಹೆಚ್ಚೀತು ಎಂಬುದು ನ್ಯಾಯವಾದ ನಿರೀಕ್ಷೆ. ಮೆಂತ್ಯವನ್ನು ರಾತ್ರಿ ನೆನೆಸಿಟ್ಟರೆ ಬೆಳಿಗ್ಗೆ ಬೆರಳಿಗೆ ಅಂಟುವ ಲೋಳೆಯನ್ನು ನೀವು ನೋಡಿರುತ್ತೀರಿ. ಅದು ಗ್ಯಾಲಕ್ಟೋಮನ್ನಾನ್ ಎಂಬ ನಾರು. ಹೊಟ್ಟೆಯಲ್ಲೂ ಹಾಗೆಯೇ ಲೋಳೆಯಾಗಿ, ಮುದ್ದೆಯಿಂದಲೋ ಅನ್ನದಿಂದಲೋ ಬರುವ ಸಕ್ಕರೆ ರಕ್ತಕ್ಕೆ ಇಳಿಯುವುದನ್ನು ನಿಧಾನಗೊಳಿಸುತ್ತದೆ. ನೇರಳೆ ಬೀಜದ ಸತ್ವ ಪಿಷ್ಟವನ್ನು ಒಡೆಯುವ ಕಿಣ್ವಗಳನ್ನು ತಡೆಯುವುದು ಪ್ರಯೋಗಾಲಯದಲ್ಲಿ ಕಂಡಿದೆ. ಸರ್ಕಾರಿ ಸಂಶೋಧನಾ ಸಂಸ್ಥೆಗಳೂ ಇದೇ ದಾರಿಯಲ್ಲಿ ಯೋಗಗಳನ್ನು ರೂಪಿಸಿವೆ: ಆಯುರ್ವೇದ ಸಂಶೋಧನಾ ಪರಿಷತ್ತಿನ ಆಯುಷ್-82ರಲ್ಲಿ ಹಾಗಲ, ನೇರಳೆ, ಮಾವಿನ ಓಟೆ, ಮಧುನಾಶಿನಿಗಳ ಜೊತೆ ಶಿಲಾಜಿತು ಇದೆ, ಲಖನೌದ ಎರಡು ಪ್ರಯೋಗಾಲಯಗಳು ಸೇರಿ ರೂಪಿಸಿದ ಬಿಜಿಆರ್-34ರಲ್ಲಿ ಆರು ಗಿಡಗಳಿವೆ.

ಆದರೆ ಕೂಡಿಸುವುದು ಬೇರೆ, ಕೂಡುವ ಲೆಕ್ಕ ಬೇರೆ. ಚರಕಸಂಹಿತೆಯ ವಿಮಾನಸ್ಥಾನವೆಂಬ ಭಾಗದಲ್ಲಿ ‘ಸಂಯೋಗ’ವೆಂಬ ಮಾತನ್ನು ವಿವರಿಸುವಾಗ, ದ್ರವ್ಯಗಳು ಒಂದುಗೂಡಿದಾಗ ಬಿಡಿಬಿಡಿಯಾಗಿ ಅವುಗಳಲ್ಲಿಲ್ಲದ ವಿಶೇಷವೊಂದು ಹುಟ್ಟುತ್ತದೆಂದು ಹೇಳಿ, ಜೇನು ಮತ್ತು ತುಪ್ಪದ ಉದಾಹರಣೆ ಕೊಟ್ಟಿದೆ. ಎರಡೂ ಒಳ್ಳೆಯವೇ, ಕೂಡಿದ್ದು ಬೇರೆಯೇ ಎಂಬುದು ಅದರ ಅಭಿಪ್ರಾಯ. ನಮ್ಮ ಮಲೆನಾಡಿನ ಕಾಳುಮೆಣಸನ್ನೇ ನೋಡಿ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರಿಶಿನದ ಸಾರವಾದ ಕರ್ಕ್ಯುಮಿನ್ 2 ಗ್ರಾಂ ಜೊತೆಗೆ ಮೆಣಸಿನ ಸಾರವಾದ ಪೈಪರೀನನ್ನು ಬರೀ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಪ್ರಮಾಣ ಇಪ್ಪತ್ತು ಪಟ್ಟು ಹೆಚ್ಚಿತು. ಅರಿಶಿನಕ್ಕೆ ಮೆಣಸು ಸೇರಿಸಿದ್ದು ಒಳ್ಳೆಯದಾಯಿತಲ್ಲ ಎನ್ನಬಹುದು. ಅದೇ ಪೈಪರೀನ್ ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನಾಲಾಲ್, ಮೂರ್ಛೆಗೆ ಕೊಡುವ ಫೆನಿಟಾಯಿನ್ ಮಾತ್ರೆಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸುತ್ತದೆ. ಒಂದು ಚಿಟಿಕೆ ಸತ್ವ ಸೇರಿದ್ದರಿಂದ ವೈದ್ಯರು ಅಳೆದು ಕೊಟ್ಟ ಮಾತ್ರೆಯ ಅಳತೆಯೇ ಬದಲಾಗುವುದು ಹೀಗೆ. ಹಾಗಲಕಾಯಿಯ ಪಲ್ಯ ತಿನ್ನುತ್ತಿದ್ದ ರೋಗಿಯಲ್ಲಿ ಕ್ಲೋರ್‌ಪ್ರೊಪಮೈಡ್ ಎಂಬ ಹಳೆಯ ಮಾತ್ರೆಯ ಪರಿಣಾಮ ಹೆಚ್ಚಾದದ್ದನ್ನು ಲಂಡನ್ನಿನ ವೈದ್ಯ ಪತ್ರಿಕೆಯೊಂದು 1979ರಷ್ಟು ಹಿಂದೆಯೇ ವರದಿ ಮಾಡಿದೆ. ಆ ಮಾತ್ರೆ ಈಗ ಬಳಕೆಯಿಂದ ಮರೆಯಾಗಿದೆ. ನಿಮ್ಮ ಯಜಮಾನರ ಗ್ಲಿಮೆಪಿರೈಡ್ ಅದೇ ವಂಶದ್ದು.

ಮನೆಯ ಪುಡಿಗೂ ಅಂಗಡಿಯ ಸತ್ವಕ್ಕೂ ಇರುವ ಅಂತರವನ್ನೂ ಗಮನಿಸಬೇಕು. ನೀವು ಅಳೆಯುವ ಚಮಚದಲ್ಲಿ ಎಲೆಯ ನಾರೂ ಇದೆ, ಬೀಜದ ಹಿಟ್ಟೂ ಇದೆ. ಸತ್ವವೆಂದರೆ ನೀರಿನಲ್ಲೋ ಮದ್ಯಸಾರದಲ್ಲೋ ಗಿಡದ ಸಾರವನ್ನು ಇಳಿಸಿ, ದ್ರವವನ್ನು ಇಂಗಿಸಿ ಉಳಿಸಿಕೊಂಡ ಘನ. ಹತ್ತು ಪಾಲು ಎಲೆಯಿಂದ ಒಂದು ಪಾಲು ತೆಗೆದಿದ್ದರೆ 500 ಮಿಲಿಗ್ರಾಮಿನ ಒಂದು ಕ್ಯಾಪ್ಸೂಲ್ 5 ಗ್ರಾಂ ಎಲೆಗೆ ಸಮ. ನೀವು ಪತ್ರದ ಜೊತೆ ಕಳುಹಿಸಿದ ಲೇಬಲ್ಲಿನ ಚಿತ್ರದಲ್ಲಿ ಗಿಡಗಳ ಹೆಸರಿದೆಯೇ ಹೊರತು ಎಷ್ಟಕ್ಕೆ ಎಷ್ಟು ಇಳಿಸಿದ್ದು ಎಂಬುದಿಲ್ಲ. ಹಾಗಾಗಿ ಪುಡಿ ಮತ್ತು ಕ್ಯಾಪ್ಸೂಲ್ ಸೇರಿ ಯಜಮಾನರ ಹೊಟ್ಟೆಗೆ ದಿನಕ್ಕೆ ಎಷ್ಟು ಮಧುನಾಶಿನಿ ಹೋಗುತ್ತಿತ್ತು ಎಂಬುದನ್ನು ನೀವಾಗಲಿ ನಾನಾಗಲಿ ಹೇಳುವಂತಿಲ್ಲ.

ಮಧುನಾಶಿನಿಯ ಬಗ್ಗೆ ನನಗೆ ಗೌರವವಿದೆ. ನಮ್ಮ ಹಿರಿಯರು ಸಣ್ಣಗೆರಸೆ ಹಂಬು ಎಂದು ಕರೆದ ಬಳ್ಳಿಯಿದು. ಎಲೆಯನ್ನು ಅಗಿದು ಒಂದು ನಿಮಿಷ ಬಿಟ್ಟು ಬೆಲ್ಲದ ಚೂರನ್ನು ಬಾಯಿಗಿಟ್ಟರೆ, ಅರ್ಧ ಗಂಟೆಗೂ ಮೀರಿ ಅದು ಮಣ್ಣಿನ ಹೆಂಟೆಯಂತೆ ಸಪ್ಪಗೆ ಕರಗುತ್ತದೆ. ಕಾಫಿಯಲ್ಲಿ ಸಕ್ಕರೆಯಿದ್ದರೂ ಕಹಿಯೊಂದೇ ನಾಲಿಗೆಗೆ ಸಿಗುತ್ತದೆ. ಅದರ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯ ಸಿಹಿಯ ಮೊಗ್ಗುಗಳನ್ನು ತಾತ್ಕಾಲಿಕವಾಗಿ ಮುಚ್ಚುವುದೇ ಇದಕ್ಕೆ ಕಾರಣ. ಮದರಾಸಿನಲ್ಲಿ ನಡೆದು 1990ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 22 ರೋಗಿಗಳಿಗೆ ದಿನಕ್ಕೆ 400 ಮಿಲಿಗ್ರಾಂ ಎಲೆಯ ಸತ್ವವನ್ನು, ಮಾತ್ರೆಯ ಜೊತೆಜೊತೆಗೇ, 18ರಿಂದ 20 ತಿಂಗಳು ಕೊಟ್ಟಿದ್ದರು. ಐವರಿಗೆ ಮಾತ್ರೆ ನಿಲ್ಲಿಸುವುದು ಸಾಧ್ಯವಾಯಿತು. ಇದನ್ನೇ ಜನ ‘ಮಧುನಾಶಿನಿಯಿಂದ ಮಾತ್ರೆ ಬಿಡಬಹುದು’ ಎಂದು ಹೇಳುತ್ತಾರೆ. ಉಳಿದ 17 ಜನ ಬಿಡಲಾಗಲಿಲ್ಲ ಎಂಬುದನ್ನೂ, ಬಿಟ್ಟವರು ಒಂದೂವರೆ ವರ್ಷ ವೈದ್ಯರ ಕಣ್ಣೆದುರಿಗಿದ್ದರು ಎಂಬುದನ್ನೂ ಹೇಳುವುದಿಲ್ಲ. ಹಾಗಲಕಾಯಿಯ ವಿಷಯದಲ್ಲಿ ಹಲವು ಪ್ರಯೋಗಗಳ ಫಲವನ್ನು ಒಟ್ಟಾಗಿ ತೂಗುವ ಕಾಕ್ರೇನ್ ಸಂಸ್ಥೆಯ 2012ರ ಪರಿಶೀಲನೆ ನಾಲ್ಕು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿ, ಅದನ್ನು ಔಷಧವಾಗಿ ಸೂಚಿಸಲು ಸಾಕಷ್ಟು ಆಧಾರವಿಲ್ಲವೆಂದು ತೀರ್ಮಾನಿಸಿತು. ಗೊಜ್ಜಾಗಿ, ಪಲ್ಯವಾಗಿ ಧಾರಾಳವಾಗಿ ತಿನ್ನಿ. ಮಾತ್ರೆಯ ಜಾಗಕ್ಕೆ ಅದನ್ನು ತರಬೇಡಿ.

ನಿಮ್ಮ ಪುಡಿಯಲ್ಲಿ ನನಗೆ ಹೆಚ್ಚು ಅಂಜಿಕೆ ಹುಟ್ಟಿಸಿದ್ದು ಅಮೃತಬಳ್ಳಿ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಅದರ ಕಷಾಯ ಕುದಿಯಿತು. 2021ರಲ್ಲಿ ಮುಂಬಯಿಯ ವೈದ್ಯರು, ಅಮೃತಬಳ್ಳಿ ಸೇವಿಸಿದ ಆರು ಜನರಲ್ಲಿ ಯಕೃತ್ತಿಗೆ ಹಾನಿಯಾದದ್ದನ್ನು ವರದಿ ಮಾಡಿದರು. ಅದನ್ನು ಹೋಲುವ ಬೇರೆ ಜಾತಿಯ ಬಳ್ಳಿಯನ್ನು ಬಳಸಿದ್ದಿರಬಹುದೆಂದು ಆಯುಷ್ ಸಚಿವಾಲಯ ಹೇಳಿತು. ಅದು ನಿಜವೆಂದೇ ಇಟ್ಟುಕೊಳ್ಳೋಣ. ಬೇಲಿಯ ಮೇಲಿನ ಬಳ್ಳಿ ಯಾವುದೆಂದು ಕಿತ್ತವರಿಗೇ ತಿಳಿಯದಿದ್ದ ಮೇಲೆ ರೋಗಿಗೆ ಆದ ಹಾನಿ ಕಡಿಮೆಯಾಗುವುದಿಲ್ಲ. ಐದು ಗಿಡ ಬೆರೆತ ಪುಡಿಯಲ್ಲಿ ಹಾನಿ ಯಾವುದರಿಂದ ಬಂತೆಂದು ಹುಡುಕುವುದೂ ಕಷ್ಟ; ಗುಣ ಯಾವುದರಿಂದ ಬಂತೆಂದು ತಿಳಿಯುವುದೂ ಅಷ್ಟೇ ಕಷ್ಟ. ಕಣ್ಣು ಹಳದಿಯಾಗುವುದು, ಮೂತ್ರ ಕಡುಬಣ್ಣಕ್ಕೆ ತಿರುಗುವುದು, ಕಾರಣವಿಲ್ಲದ ತುರಿಕೆ, ಊಟ ಸೇರದಿರುವುದು ಇವು ಕಂಡರೆ ತಡ ಮಾಡಬೇಡಿ.

ನಿಮ್ಮ ವೈದ್ಯರು ಒಪ್ಪಿದರೆ ಗಿಡಗಳನ್ನು ಮತ್ತೆ ಆರಂಭಿಸುವ ಕ್ರಮ ಹೀಗಿರಲಿ ಎಂಬುದು ನನ್ನ ಸಲಹೆ. ಮೊದಲು ಎಚ್‌ಬಿಎ1ಸಿ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಯಕೃತ್ತಿನ ಪರೀಕ್ಷೆ ಮಾಡಿಸಿ. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿಯ ಮುಂದೆ ಒಂದು ಬೆಳಗಿನ 118ಕ್ಕೆ ಹೆಚ್ಚು ತೂಕವಿಲ್ಲ. ಆಮೇಲೆ ಒಂದೇ ಒಂದು ಗಿಡವನ್ನು, ಅದೂ ಆಹಾರದ ರೂಪದಲ್ಲಿ ನಮಗೆ ಚೆನ್ನಾಗಿ ಪರಿಚಯವಿರುವ ಮೆಂತ್ಯವನ್ನು, ಸಣ್ಣ ಪ್ರಮಾಣದಲ್ಲಿ ಶುರು ಮಾಡಿ. ಅದರ ಲೋಳೆ ಮಾತ್ರೆಗಳು ಹೀರಲ್ಪಡುವುದನ್ನೂ ತಡೆಯಬಹುದಾದ್ದರಿಂದ ನಡುವೆ ಎರಡು ಗಂಟೆ ಅಂತರವಿರಲಿ. ಖಾಲಿ ಹೊಟ್ಟೆಯ ಮತ್ತು ಊಟವಾಗಿ ಎರಡು ಗಂಟೆಯ ನಂತರದ ಅಂಕಿಗಳನ್ನು ಒಂದು ತಿಂಗಳು ನೋಟುಬುಕ್ಕಿನಲ್ಲಿ ಬರೆದಿಡಿ. ಎರಡನೆಯ ಗಿಡದ ಮಾತು ಅದಾದ ಮೇಲೆ. ಮಾತ್ರೆ ಕಡಿಮೆ ಮಾಡಬೇಕಾಗಿ ಬಂದರೆ ಆ ಪುಸ್ತಕವನ್ನು ನೋಡಿ ವೈದ್ಯರೇ ಮಾಡುತ್ತಾರೆ, ಮತ್ತು ಅವರು ಮೊದಲು ಇಳಿಸುವುದು ಬಹುಶಃ ಗ್ಲಿಮೆಪಿರೈಡನ್ನೇ. ಶಸ್ತ್ರಚಿಕಿತ್ಸೆಯೇನಾದರೂ ಇದ್ದರೆ ಎರಡು ವಾರ ಮುಂಚೆಯೇ ಎಲ್ಲ ಮೂಲಿಕೆಗಳನ್ನೂ ನಿಲ್ಲಿಸಿ.

ಪ್ರಶ್ನೆ: ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುತ್ತೇನೆ. ಇದರ ಜೊತೆ ಏಕನಾಯಕನ ಬೇರು ಮತ್ತು ಮರದರಿಶಿನ ಹಾಕಿ ಕಷಾಯ ಮಾಡಿದರೆ ಒಳ್ಳೆಯದೆಂದು ನಮ್ಮೂರಿನ ನಾಟಿ ವೈದ್ಯರು ಹೇಳಿದ್ದಾರೆ. ಕಾಡಿನಿಂದ ತರಿಸಲೇ?
– ಓದುಗರೊಬ್ಬರು, ಕೊಪ್ಪ

ಉತ್ತರ: ಹೊನ್ನೆಗೆ ಇರುವ ಹೆಸರು ಸುಮ್ಮನೆ ಬಂದದ್ದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಲವು ಕೇಂದ್ರಗಳಲ್ಲಿ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸದಾಗಿ ಕಾಯಿಲೆ ಪತ್ತೆಯಾದ 97 ಜನರ ಪೈಕಿ 67 ಜನರಲ್ಲಿ ಸಕ್ಕರೆ 12 ವಾರಗಳಲ್ಲಿ ಹತೋಟಿಗೆ ಬಂತು. ಅಲ್ಲಿ ಕೊಟ್ಟದ್ದು ಅಳೆದ ಸತ್ವ, ಮತ್ತು ಹೋಲಿಕೆಗೆ ಬೇರೆ ಗುಂಪು ಇರಲಿಲ್ಲ. ಲೋಟದ ನೀರು ಮೊದಮೊದಲು ಜೇನಿನ ಬಣ್ಣಕ್ಕೆ ತಿರುಗಿ, ತಿಂಗಳುಗಳು ಕಳೆದಂತೆ ತಿಳಿಯಾಗುವುದನ್ನು ನೀವೇ ಕಂಡಿರುತ್ತೀರಿ. ಸಾರ ತೀರಿದ ಲೋಟದಿಂದ ಕುಡಿಯುವುದು ಬರೀ ನೀರು.

ಏಕನಾಯಕನ ಬೇರಿನಲ್ಲಿ ಸಲಾಸಿನಾಲ್ ಎಂಬ ಅಂಶವಿದ್ದು, ಅದು ಕರುಳಿನಲ್ಲಿ ಸಕ್ಕರೆಯನ್ನು ಒಡೆಯುವ ಕಿಣ್ವವನ್ನೇ ತಡೆಯುತ್ತದೆ. ಮಾತ್ರೆಯ ಜೊತೆ ಇದನ್ನು ಸೇವಿಸುವವರಿಗೆ ಸಕ್ಕರೆ ಕುಸಿದರೆ ಅಡುಗೆಮನೆಯ ಸಕ್ಕರೆ ನಿಧಾನವಾಗಿ ಕೆಲಸ ಮಾಡಬಹುದಾದ್ದರಿಂದ ಗ್ಲೂಕೋಸ್ ಪುಡಿಯನ್ನೇ ಇಟ್ಟುಕೊಳ್ಳುವುದು ಕ್ಷೇಮ. ಮರದರಿಶಿನದಲ್ಲಿರುವ ಬರ್ಬೆರಿನ್‌ಗೆ ಸಕ್ಕರೆ ಇಳಿಸುವ ಗುಣವಿದೆ. ಯಕೃತ್ತು ಇತರ ಔಷಧಗಳನ್ನು ಕರಗಿಸುವ ಕೆಲಸಕ್ಕೆ ಅಡ್ಡಿಪಡಿಸುವ ಗುಣವೂ ಇದೆ. ಆದ್ದರಿಂದ ಹೃದಯದ ಮಾತ್ರೆ, ರಕ್ತ ತಿಳಿಮಾಡುವ ಮಾತ್ರೆ ನುಂಗುವವರು ಅದರ ಗೊಡವೆಗೆ ಹೋಗಬಾರದು.

ಕಾಡಿನಿಂದ ತರಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಮರದರಿಶಿನ ಪಶ್ಚಿಮಘಟ್ಟದಲ್ಲಿ ಅಳಿವಿನ ಅಂಚಿಗೆ ಬಂದಿರುವ ಬಳ್ಳಿ. ಅದು ನಿಧಾನವಾಗಿ ಬೆಳೆಯುತ್ತದೆ, ಔಷಧಕ್ಕೆ ಬೇಕಾಗುವುದು ಅದರ ಕಾಂಡವೇ. ಏಕನಾಯಕನದೋ ಬೇರು. ಕೊಯ್ದರೆ ಚಿಗುರುವ ಎಲೆಯಲ್ಲ ಇವು.

ಪ್ರಶ್ನೆ: ಬೆಳಗಿನ ವಾಯುವಿಹಾರಕ್ಕೆ ಬರುವ ಸ್ನೇಹಿತರೆಲ್ಲ ಸೇರಿ ಹಾಗಲಕಾಯಿ, ಸೋರೆಕಾಯಿ, ನೆಲ್ಲಿಕಾಯಿ, ಬೇವಿನ ಚಿಗುರು ರುಬ್ಬಿದ ರಸವನ್ನು ಕುಡಿಯುತ್ತೇವೆ. ಕೆಲವರು ಬಿಂಬುಳಿಯನ್ನೂ ಸೇರಿಸುತ್ತಾರೆ. ಇದು ಸರಿಯೇ?
– ನಿವೃತ್ತ ಶಿಕ್ಷಕರು, ಅರಸೀಕೆರೆ

ಉತ್ತರ: ಮೇಷ್ಟ್ರೇ, ಈ ಪಟ್ಟಿಯಲ್ಲಿ ಸೋರೆಕಾಯಿ ಮತ್ತು ಹಾಗಲಕಾಯಿ ಜೊತೆಯಾಗಿರುವುದೇ ಅಪಾಯ. ಸೋರೆಕಾಯಿ ಸಾಮಾನ್ಯವಾಗಿ ಸಾಧು ತರಕಾರಿ. ಆದರೆ ಕೆಲವೊಮ್ಮೆ ಒಂದು ಕಾಯಿ ಕಹಿಯಾಗಿರುತ್ತದೆ; ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ ಗುರುತು. ಸಾರು ಮಾಡುವ ಮನೆಯಾಕೆ ಚೂರನ್ನು ನಾಲಿಗೆಗೆ ಹಚ್ಚಿ ನೋಡಿ ಅಂಥದ್ದನ್ನು ಎಸೆಯುತ್ತಾಳೆ. ಹಾಗಲದ ಜೊತೆ ರುಬ್ಬಿದ ಮೇಲೆ ಆ ಎಚ್ಚರಿಕೆಯೇ ಅಳಿಸಿಹೋಗುತ್ತದೆ: ಲೋಟವೆಲ್ಲ ಕಹಿಯಾಗಿರುವಾಗ ಸೋರೆಯ ಕಹಿ ಯಾರಿಗೆ ತಿಳಿದೀತು? 2010ರಲ್ಲಿ ದೆಹಲಿಯಲ್ಲಿ ವಿಜ್ಞಾನ ಸಂಸ್ಥೆಯೊಂದರ ಅಧಿಕಾರಿಯೊಬ್ಬರು ಇವೆರಡರ ರಸವನ್ನೇ ಕುಡಿದು ತೀರಿಕೊಂಡರು. ಆ ಬಳಿಕ ವೈದ್ಯಕೀಯ ಸಂಶೋಧನಾ ಮಂಡಳಿ ನೇಮಿಸಿದ ತಜ್ಞರು, ಕಹಿಯಾದ ಸೋರೆಯ ರಸವನ್ನು ಕುಡಿಯಲೇಬಾರದು, ಬೇರೆ ರಸದ ಜೊತೆ ಬೆರೆಸಬಾರದು ಎಂದು ತಿಳಿಸಿದರು. ಕುಡಿದ ಮೇಲೆ ವಾಂತಿ, ಹೊಟ್ಟೆನೋವು, ರಕ್ತಭೇದಿ ಕಂಡರೆ ಕೂಡಲೇ ಆಸ್ಪತ್ರೆ ಸೇರಬೇಕು.

ಬಿಂಬುಳಿಯನ್ನು ಗೊಜ್ಜಿಗೂ ಉಪ್ಪಿನಕಾಯಿಗೂ ಬಿಡಿ. ಅದರ ಗಟ್ಟಿ ರಸದಲ್ಲಿ ಆಕ್ಸಲೇಟ್ ಬಹಳ; ಕೇರಳದಲ್ಲಿ ಹಾಗೆ ಕುಡಿದ ಹತ್ತು ಜನರ ಮೂತ್ರಪಿಂಡಗಳು ಹಠಾತ್ತನೆ ಕೆಟ್ಟದ್ದು 2013ರಲ್ಲಿ ವರದಿಯಾಗಿದೆ. ಸಕ್ಕರೆ ಕಾಯಿಲೆಯವರ ಮೂತ್ರಪಿಂಡ ಮೊದಲೇ ನಲುಗಿರಬಹುದು. ನಿಮ್ಮ ಗುಂಪಿನವರೆಲ್ಲ ಒಮ್ಮೆ ಕ್ರಿಯಾಟಿನಿನ್ ನೋಡಿಸಿಕೊಳ್ಳಿ. ವಾಯುವಿಹಾರವನ್ನು ಮಾತ್ರ ಬಿಡಬೇಡಿ. ಈ ರಸಕ್ಕಿಂತ ಅದಕ್ಕೆ ಇರುವ ಆಧಾರ ಎಷ್ಟೋ ದೊಡ್ಡದು.

ಪ್ರಶ್ನೆ: ಮೆಟ್‌ಫಾರ್ಮಿನ್ ರಾಸಾಯನಿಕ, ಗಿಡಮೂಲಿಕೆ ಪ್ರಕೃತಿ. ಪ್ರಕೃತಿಯದ್ದನ್ನು ಬಿಟ್ಟು ರಾಸಾಯನಿಕವನ್ನೇಕೆ ನುಂಗಬೇಕು?
– ಓದುಗರೊಬ್ಬರು, ಕಡೂರು

ಉತ್ತರ: ಮೆಟ್‌ಫಾರ್ಮಿನ್‌ನ ಬೇರೂ ಗಿಡದಲ್ಲೇ ಇದೆ. ಯೂರೋಪಿನ ಗಲೀಗ ಎಂಬ ಗಿಡವನ್ನು ಅಲ್ಲಿನ ಜನ ಬಹಳ ಹಿಂದಿನಿಂದ ಔಷಧವಾಗಿ ಬಳಸುತ್ತಿದ್ದರು. ಅದರಲ್ಲಿನ ಗಲೀಜಿನ್ ಸಕ್ಕರೆ ಇಳಿಸುತ್ತಿತ್ತು, ಆದರೆ ವಿಷಕಾರಿಯಾಗಿತ್ತು. ಅದೇ ಕುಲದ ಸೌಮ್ಯ ವಸ್ತುವೊಂದನ್ನು 1922ರಲ್ಲಿ ತಯಾರಿಸಲಾಯಿತು. 1957ರಲ್ಲಿ ಫ್ರಾನ್ಸಿನ ವೈದ್ಯ ಜೀನ್ ಸ್ಟರ್ನ್ ಅದನ್ನು ರೋಗಿಗಳಿಗೆ ಕೊಟ್ಟು ಫಲವನ್ನು ಪ್ರಕಟಿಸಿದರು. ಅದೇ ಮೆಟ್‌ಫಾರ್ಮಿನ್. ವ್ಯತ್ಯಾಸವಿರುವುದು ಗಿಡಕ್ಕೂ ರಾಸಾಯನಿಕಕ್ಕೂ ನಡುವೆ ಅಲ್ಲ, ಅಳತೆ ತಿಳಿದದ್ದಕ್ಕೂ ತಿಳಿಯದ್ದಕ್ಕೂ ನಡುವೆ. ಅದಲ್ಲದೆ, ‘ಪೂರ್ತಿ ಗಿಡಮೂಲಿಕೆ’ ಎಂಬ ಹೆಸರಿನ ಗುಳಿಗೆಯಿಂದ ಮೂರೇ ದಿನದಲ್ಲಿ ಸಕ್ಕರೆ 300ರಿಂದ 120ಕ್ಕೆ ಇಳಿದರೆ ಹಿಗ್ಗಬೇಡಿ. ಒಳಗೆ ಅಲೋಪಥಿ ಮಾತ್ರೆಯ ಪುಡಿ ಬೆರೆಸಿದ್ದಾರೆಯೇ ಎಂದು ಅನುಮಾನಿಸಿ. ಸಕ್ಕರೆ ಕಾಯಿಲೆ ಗುಣಪಡಿಸುತ್ತೇವೆಂದು ಔಷಧಕ್ಕೆ ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ.

ಪ್ರಶ್ನೆ: ನನ್ನ ಮಗಳಿಗೆ 14 ವರ್ಷ. ಎರಡು ವರ್ಷದಿಂದ ಟೈಪ್ 1 ಮಧುಮೇಹ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಹಿತ್ತಲಿನಲ್ಲಿ ಇನ್ಸುಲಿನ್ ಗಿಡವಿದೆ. ಅದರ ಎಲೆಯ ಜೊತೆ ಮಧುನಾಶಿನಿ ಕೊಟ್ಟು ಚುಚ್ಚುಮದ್ದನ್ನು ಎರಡಕ್ಕೆ ಇಳಿಸಬಹುದೇ? ಅವಳು ಅಳುವುದನ್ನು ನೋಡಲಾಗುತ್ತಿಲ್ಲ.
– ತಂದೆಯೊಬ್ಬರು, ಚಿಕ್ಕಮಗಳೂರು

ಉತ್ತರ: ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಇಳಿಸಬೇಡಿ, ಒಂದು ಹೊತ್ತಿನದನ್ನೂ ತಪ್ಪಿಸಬೇಡಿ. ಆ ಗಿಡದ ಹೆಸರಿನಲ್ಲಿ ಇನ್ಸುಲಿನ್ ಇದೆ, ಎಲೆಯಲ್ಲಿ ಇಲ್ಲ. ಮಗುವಿನ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳೇ ನಾಶವಾಗಿರುವಾಗ, ಸ್ರಾವವನ್ನು ಹೆಚ್ಚಿಸುವ ಯಾವ ಮೂಲಿಕೆಗೂ ಅಲ್ಲಿ ಎಚ್ಚರಿಸಲು ಏನೂ ಉಳಿದಿಲ್ಲ. 1922ರ ಜನವರಿಯಲ್ಲಿ ಟೊರೊಂಟೊದಲ್ಲಿ, ಇವಳ ವಯಸ್ಸಿನವನೇ ಆದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಡುವವರೆಗೂ ಇಂಥ ಮಕ್ಕಳು ಬದುಕುತ್ತಿರಲಿಲ್ಲ.

ಕಡಿಮೆ ಮಾಡಬಹುದಾದದ್ದು ನೋವನ್ನು. ನಾಲ್ಕು ಮಿಲಿಮೀಟರಿನ ಸೂಜಿ ಸಿಗುತ್ತದೆ, ಪೆನ್ ಸಿಗುತ್ತದೆ. ಚುಚ್ಚುವ ಜಾಗವನ್ನು ದಿನವೂ ಬದಲಿಸಬೇಕು, ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಇನ್ಸುಲಿನ್ ಉರಿಯುವುದರಿಂದ ಬಳಕೆಯಲ್ಲಿರುವ ಪೆನ್ನನ್ನು ಮನೆಯ ತಂಪು ಜಾಗದಲ್ಲಿ ಇಡಬೇಕು. ಈ ವಿಷಯಗಳನ್ನು ಅವಳ ವೈದ್ಯರ ಬಳಿ ಮಗಳ ಎದುರಿನಲ್ಲೇ ಮಾತಾಡಿ. ಇದುವರೆಗೆ ಎಲ್ಲಿಯಾದರೂ ಇನ್ಸುಲಿನ್ ತಪ್ಪಿಸಿದ್ದು, ಮಗುವಿಗೆ ವಾಂತಿ, ಹೊಟ್ಟೆನೋವು, ಮೇಲುಸಿರು, ಬಾಯಿಯಲ್ಲಿ ಕೊಳೆತ ಹಣ್ಣಿನಂಥ ವಾಸನೆ ಕಂಡರೆ ಬೆಳಗಾಗಲೆಂದು ಕಾಯದೆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ.